ದನದ ನೋವಿನ ಮದ್ದು, ರಣಹದ್ದಿನ ಸಾವು

ಸದಸ್ಯರ ಗಮನಕ್ಕೆ: ಹಸು-ಎಮ್ಮೆಗೆ ನೋವು, ಬಾವು ಎಂದು ಚುಚ್ಚುಮದ್ದು ಕೊಡಿಸುವ ಮುನ್ನ ಬಾಟಲಿಯ ಮೇಲಿನ ಹೆಸರು ಓದಿ. ಸತ್ತ ದನ ತಿನ್ನುವ ರಣಹದ್ದನ್ನು ಕೊಲ್ಲುವ ನೋವಿನ ಮದ್ದು ಡೈಕ್ಲೋಫೆನಾಕ್ ಜಾನುವಾರುಗಳಿಗೆ 2006ರಿಂದಲೇ ನಿಷಿದ್ಧ. ಅಂಥದ್ದೇ ಮದ್ದುಗಳಾದ ಕೀಟೊಪ್ರೊಫೆನ್, ಅಸೆಕ್ಲೋಫೆನಾಕ್ 2023ರಿಂದ. ಆದರೂ ಮನುಷ್ಯರ ಡೈಕ್ಲೋಫೆನಾಕನ್ನೇ ದನಕ್ಕೆ ಚುಚ್ಚುವವರಿದ್ದರು. ಅದಕ್ಕೇ 2015ರಲ್ಲಿ ಮನುಷ್ಯರ ಈ ಮದ್ದಿನ ದೊಡ್ಡ ಬಾಟಲಿ ನಿಲ್ಲಿಸಿ 3 ಮಿ.ಲೀ.ಗೆ ಇಳಿಸಿದ್ದು. ಪಶುವೈದ್ಯರಲ್ಲಿ ಮೆಲಾಕ್ಸಿಕಾಮ್ ಕೇಳಿ, ಅದರಿಂದ ರಣಹದ್ದಿಗೆ ಅಪಾಯವಿಲ್ಲ.

ಡೈಕ್ಲೋಫೆನಾಕ್‌ನಂಥ ನಿಷಿದ್ಧ ಮದ್ದು ಕೊಟ್ಟ ವಾರದೊಳಗೆ ದನ ಸತ್ತರೆ ಬಯಲಿಗೆ ಎಸೆಯಬೇಡಿ, ಆಳವಾಗಿ ಹೂಳಿ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಡುತ್ತದೆ, ಯೂರಿಕ್ ಆಮ್ಲ ಒಳಾಂಗಗಳ ಮೇಲೆ ಸುಣ್ಣ ಬಳಿದಂತೆ ಬೆಳ್ಳಗೆ ಕೂರುತ್ತದೆ, ಕೆಲವೇ ದಿನಗಳಲ್ಲಿ ಹಕ್ಕಿ ಸಾಯುತ್ತದೆ. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಜಾತಿ, ಕಳೆದುಕೊಂಡಿದ್ದು ಬೇಗ ತುಂಬುವುದಿಲ್ಲ.

ಸತ್ತ ರಣಹದ್ದು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ. ಗೂಡಿನ ಲೊಕೇಶನ್ ಮಾತ್ರ ಈ ಗುಂಪಿನಲ್ಲಿ ಹಾಕಬೇಡಿ.