ಬೇಸಿಗೆಯಲ್ಲಿ ಮಕ್ಕಳ ಕುಡಿಯುವ ನೀರು: ಪೋಷಕರಿಗೊಂದು ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಮಾರ್ಚ್ ಬಿಸಿಲು ಏರಿದೆ. ಮಧ್ಯಾಹ್ನ ಊಟದ ಹೊತ್ತಿಗೆ ನೋಡಿದರೆ ಎಷ್ಟೋ ಮಕ್ಕಳ ಬಾಟಲಿಯಲ್ಲಿ ಬೆಳಿಗ್ಗೆ ತಂದ ನೀರು ಹಾಗೇ ಉಳಿದಿರುತ್ತದೆ. ಬಾಟಲಿ ಮುಟ್ಟಿದರೇ ಕಾರಣ ಗೊತ್ತಾಗುತ್ತದೆ: ನೀರು ಬೆಚ್ಚಗಾಗಿರುತ್ತದೆ. ಬೆಚ್ಚಗಿನ ನೀರು ಸೇರದೆ ಮಕ್ಕಳು ಬಾಯಾರಿಕೆ ತಡೆದುಕೊಂಡು ಕೂರುತ್ತಾರೆ, ಮೂರು ಗಂಟೆಗೆ ತಲೆನೋವು ಎನ್ನುತ್ತಾ ಬರುತ್ತಾರೆ. ಫ್ರಿಜ್ ಇಲ್ಲದ ಮನೆಯಲ್ಲೂ ನೀರು ತಂಪಾಗಿಡಬಹುದು. ಹೇಗೆಂದು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಮಲೆನಾಡಿನವರಿಗೆ ಇರುವ ದೊಡ್ಡ ಅನುಕೂಲವೆಂದರೆ ರಾತ್ರಿಯ ತಂಪು. ಹಗಲು 35 ಡಿಗ್ರಿ ದಾಟಿದರೂ ಈ ತಿಂಗಳು ಬೆಳಗಿನ ಜಾವ 20ರ ಆಸುಪಾಸಿಗೆ ಇಳಿಯುತ್ತದೆ. ಆದರೆ ಬಹಳ ಮನೆಗಳಲ್ಲಿ ನೀರು ಕಾಯಿಸುವುದೇ ಬೆಳಿಗ್ಗೆ. ಎಂಟು ಗಂಟೆಗೆ ಇನ್ನೂ ಉಗುರುಬೆಚ್ಚಗಿರುವ ನೀರನ್ನೇ ಬಾಟಲಿಗೆ ತುಂಬಿ ಕಳಿಸಿದರೆ ಅದು ತಣ್ಣಗಾಗುವುದು ಯಾವಾಗ? ಬದಲಿಗೆ ಸಂಜೆಯೇ ಕುದಿಸಿ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು. ಅದೇ ಪಾತ್ರೆಗೆ ತಟ್ಟೆ ಮುಚ್ಚಿ, ಒಲೆಯಿಂದ ದೂರ, ಗಾಳಿಯಾಡುವ ಕಿಟಕಿಯ ಬಳಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಬಿಸಿಲು ಬರುವ ಮೊದಲೇ ಬಾಟಲಿ ತುಂಬಿಬಿಡಿ. ಬಾವಿ ನೀರು ಬಳಸುವವರು ಕುದಿಸುವುದನ್ನು ಬಿಡಲೇಬೇಡಿ. ಬೇಸಿಗೆಯಲ್ಲಿ ಬಾವಿಯ ತಳ ಕಾಣುವ ಹೊತ್ತಿಗೆ ನೀರು ಇನ್ನಷ್ಟು ಕೆಡುತ್ತದೆ.

ಇನ್ನು ಬಾಟಲಿ. ಎರಡು ಪದರದ ಸ್ಟೀಲ್ ಬಾಟಲಿ ಇದ್ದರೆ ಈ ನೀರು ಮಧ್ಯಾಹ್ನದವರೆಗೂ ತಂಪಾಗೇ ಇರುತ್ತದೆ. ಪದರಗಳ ನಡುವೆ ಗಾಳಿ ಇಲ್ಲದ ಕಾರಣ ಹೊರಗಿನ ಬಿಸಿ ಒಳಗೆ ಹೋಗುವುದಿಲ್ಲ. ಜೋರಾಗಿ ಬಿದ್ದು ನೆಗ್ಗಿದ ಮೇಲೆ, ತಣ್ಣೀರು ತುಂಬಿದಾಗ ಹೊರಮೈ ಬೆವರತೊಡಗಿದರೆ ಆ ಗುಣ ಹೋಗಿದೆ ಎಂದೇ ತಿಳಿಯಿರಿ. ಇಂಥ ಬಾಟಲಿಯನ್ನು ಫ್ರೀಜರ್‌ನಲ್ಲಿ ಇಡಬಾರದು: ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಒಳಪದರ ಉಬ್ಬಿ ಬಾಟಲಿಯೇ ಹಾಳಾಗುತ್ತದೆ.

ಅದಕ್ಕೆ ಬೆಲೆ ಜಾಸ್ತಿ, ಎಲ್ಲರೂ ಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಒಂದೇ ಪದರದ ಸಾಧಾರಣ ಸ್ಟೀಲ್ ಬಾಟಲಿಗೆ ಹಳೆಯ ಕಾಟನ್ ಕಾಲುಚೀಲ ತೊಡಿಸಿ, ಅದನ್ನು ಒದ್ದೆ ಮಾಡಿದರೆ ಕೆಲಸ ಆಗುತ್ತದೆ. ಬಟ್ಟೆಯ ನೀರು ಆರುವಾಗ ಬಾಟಲಿಯ ಬಿಸಿಯನ್ನು ಹೀರಿಕೊಂಡು ಹೋಗುತ್ತದೆ. ಲೆಕ್ಕದ ಪ್ರಕಾರ ಎರಡು ಟೀ ಚಮಚ, ಅಂದರೆ 10 ಮಿಲಿ ನೀರು ಆರಿದರೆ ಒಂದು ಲೀಟರ್ ನೀರಿನ ಬಿಸಿ ಐದಾರು ಡಿಗ್ರಿ ಇಳಿಯಬೇಕು. ಸುತ್ತಲಿನ ಸೆಕೆಯೂ ಒಳಗೆ ಸೇರುವುದರಿಂದ ನಿಜದಲ್ಲಿ ಅಷ್ಟು ಇಳಿಯದು, ಆದರೂ ಕುಡಿಯುವಾಗ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ನೈಲಾನ್ ಬಟ್ಟೆ ನೀರು ಹೀರುವುದಿಲ್ಲ, ಬೇಡ. ಪ್ಲಾಸ್ಟಿಕ್ ಬಾಟಲಿ ನಿಧಾನವಾಗಿ ತಣಿಯುತ್ತದೆ. ಎರಡು ಪದರದ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ ಪ್ರಯೋಜನವಿಲ್ಲ, ಒಳಗಿನ ಬಿಸಿಯೂ ಹೊರಗೆ ಬರುವುದಿಲ್ಲವಲ್ಲ. ಬ್ಯಾಗಿನೊಳಗೆ ಗಾಳಿಯೂ ಇಲ್ಲ, ಪುಸ್ತಕವೂ ಒದ್ದೆ. ಆದ್ದರಿಂದ ಕಾಲುಚೀಲವನ್ನು ಒಣಗಿದ್ದಂತೆಯೇ ಕಳಿಸಿ. ಶಾಲೆಗೆ ಬಂದ ಮೇಲೆ ಒದ್ದೆ ಮಾಡಿಸಿ, ಜಗಲಿಯ ನೆರಳಿನಲ್ಲಿ ಬಾಟಲಿ ನೇತು ಹಾಕಿಸುವ ಕೆಲಸ ನಮ್ಮದು.

ಮನೆಯ ಮಡಕೆ ತಣ್ಣಗಾಗುವುದೂ ಇದೇ ರೀತಿ. ಹೊಸ ಮಡಕೆಯನ್ನು ಒಂದು ದಿನ ಪೂರ್ತಿ ನೀರಿನಲ್ಲಿ ಮುಳುಗಿಸಿಟ್ಟು, ಮೊದಲ ಎರಡು ಮೂರು ಸಲ ತುಂಬಿದ ನೀರನ್ನು ಗಿಡಕ್ಕೆ ಚೆಲ್ಲಿ. ತುಂಬಿಸಿ ಒಂದೆರಡು ಗಂಟೆಯ ಮೇಲೆ ಹೊರಮೈ ಸವರಿ ನೋಡಿ, ಕೈಗೆ ಪಸೆ ಹತ್ತಬೇಕು. ಹತ್ತದಿದ್ದರೆ ಮಡಕೆ ನೀರನ್ನು ತಣಿಸುತ್ತಿಲ್ಲ. ಬಣ್ಣ ಬಳಿದ, ಹೊಳಪು ಕೊಟ್ಟ ಮಡಕೆಗಳು ನೋಡಲಷ್ಟೇ ಚೆಂದ; ಬಣ್ಣ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿರುತ್ತದೆ. ಬೋರ್‌ವೆಲ್ ನೀರಿನ ಬಿಳಿ ಉಪ್ಪು ಕಟ್ಟಿದರೂ ಹಾಗೇ ಆಗುತ್ತದೆ. ಅದನ್ನು ತೆಂಗಿನ ನಾರಿನಿಂದ ಉಜ್ಜಿ, ಮಡಕೆಯನ್ನು ವಾರಕ್ಕೊಮ್ಮೆ ಬಿಸಿಲಿಗೆ ಒಣಗಿಸಿ. ಸೋಪು ಹಾಕಬೇಡಿ, ಮಣ್ಣು ಅದನ್ನು ಹೀರಿಕೊಂಡು ಮತ್ತೆ ನೀರಿಗೇ ಬಿಡುತ್ತದೆ. ಮಡಕೆಯನ್ನು ಅಡುಗೆಮನೆಯ ಮೂಲೆಗೆ ಒತ್ತರಿಸದೆ, ಸಿಂಬೆಯ ಮೇಲೆ, ನೆರಳಿರುವ ಗಾಳಿಯ ಜಾಗದಲ್ಲಿ ಕೂರಿಸಿ. ಕೆಳಗೆ ತಟ್ಟೆ ಇಟ್ಟಿದ್ದರೆ ಅದರಲ್ಲಿ ನಿಂತ ನೀರನ್ನು ದಿನವೂ ಚೆಲ್ಲಿ ಒರೆಸಿ. ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ಇಂಥ ಕಡೆಯೇ, ವಾರ ಹತ್ತು ದಿನದಲ್ಲಿ ಅದು ಹಾರುವ ಸೊಳ್ಳೆಯಾಗುತ್ತದೆ. ಮಡಕೆಗೆ ಲೋಟ ಅದ್ದದೆ ಉದ್ದ ಹಿಡಿಯ ಸೌಟು ಬಳಸಿ. ಲಾವಂಚದ ಬೇರು ಹಾಕುವವರು ಎರಡು ದಿನಕ್ಕೊಮ್ಮೆ ತೆಗೆದು ಒಣಗಿಸಿ. ಅದು ಪರಿಮಳ ಕೊಡುತ್ತದೆ, ನೀರನ್ನು ತಣಿಸುವುದು ಮಡಕೆಯೇ.

ಅಶ್ವಿನಿ, ಭರಣಿ ಮಳೆ ಬಿದ್ದ ಮೇಲೆ ಮಡಕೆ ನೀರು ಮೊದಲಿನಷ್ಟು ತಣ್ಣಗಾಗುವುದಿಲ್ಲ. ಮಡಕೆ ಕೆಟ್ಟಿತೆಂದು ಎಸೆಯಬೇಡಿ. ಗಾಳಿಯಲ್ಲಿ ತೇವ ತುಂಬಿದಾಗ ನೀರು ಆರುವುದು ಕಡಿಮೆ, ಅಷ್ಟೇ. ತೀರ್ಥಹಳ್ಳಿ, ಆಗುಂಬೆ ಕಡೆಯವರಿಗೆ ಇದು ಶಿವಮೊಗ್ಗ ಪೇಟೆಯವರಿಗಿಂತ ಬೇಗ ಅನುಭವಕ್ಕೆ ಬರುತ್ತದೆ.

ಐಸ್ ಹಾಕಿ ಕಳಿಸುವವರಿಗೆ ಒಂದು ಮಾತು: ಐಸ್ ಮಾಡುವ ನೀರೂ ಕುದಿಸಿ ಆರಿಸಿದ್ದೇ ಆಗಿರಲಿ, ಹೆಪ್ಪುಗಟ್ಟಿದ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ. ರಾತ್ರಿ ತಣಿದ 850 ಮಿಲಿ ನೀರಿಗೆ 100 ಗ್ರಾಂ ಐಸ್ ಸಾಕೇ ಸಾಕು, ಅದಕ್ಕಿಂತ ಹೆಚ್ಚು ಬೇಡ. ಶಾಲೆಯ ಗೇಟಿನ ಹೊರಗೆ ಮಾರುವ ಐಸ್‌ಕ್ಯಾಂಡಿಗೆ ದುಡ್ಡು ಕೊಡಬೇಡಿ, ಅದು ಎಲ್ಲಿಯ ನೀರೋ ನಮಗೆ ತಿಳಿಯದು.

ಬಾಟಲಿ ವಾಸನೆ ಬರುತ್ತಿದ್ದರೆ ಮುಚ್ಚಳದೊಳಗಿನ ರಬ್ಬರ್ ರಿಂಗ್ ತೆಗೆದು ನೋಡಿ. ಕಪ್ಪು ಲೋಳೆ ಕೂತಿರುವುದು ಹೆಚ್ಚಾಗಿ ಅಲ್ಲೇ. ಹಳೆಯ ಬ್ರಶ್‌ನಿಂದ ತಿಕ್ಕಿ, ಒಣಗಿಸಿ ಹಾಕಿ.

ಚಿಕ್ಕ ಮಕ್ಕಳಿಗೆ ಅರ್ಧ ಲೀಟರ್ ಬಾಟಲಿ ಸಾಕು. ಒಂದು ಲೀಟರ್ ಎಂದರೆ ಬೆನ್ನಿಗೆ ಒಂದು ಕೆಜಿ ಭಾರ. ಖಾಲಿಯಾದರೆ ತುಂಬಿಸಿಕೊಳ್ಳಲು ಕುದಿಸಿ ಆರಿಸಿದ ನೀರನ್ನು ಶಾಲೆಯಲ್ಲಿ ನಲ್ಲಿ ಇರುವ ಮಡಕೆಗಳಲ್ಲಿ ಇಟ್ಟಿರುತ್ತೇವೆ. ದಿನಕ್ಕೆ ಮೂರು ಸಲ ನೀರಿನ ಗಂಟೆ ಹೊಡೆದು ಎಲ್ಲರಿಗೂ ಕುಡಿಸುತ್ತೇವೆ. ವೈದ್ಯರು ನೀರಿನ ಪ್ರಮಾಣದ ಬಗ್ಗೆ ಬೇರೆ ಸೂಚನೆ ಕೊಟ್ಟಿರುವ ಮಕ್ಕಳಿದ್ದರೆ ತರಗತಿ ಶಿಕ್ಷಕರಿಗೆ ಬರೆದು ತಿಳಿಸಿ. ಬರುವ ಸೋಮವಾರದಿಂದ ಬಾಟಲಿಯ ಮೇಲೂ ಕಾಲುಚೀಲದ ಮೇಲೂ ಮಗುವಿನ ಹೆಸರು, ತರಗತಿ ಬರೆದು ಕಳಿಸಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ