ನೀಲಿ ದೀಪದ ಪೆಟ್ಟಿಗೆ ನಂಬಿ ಉಗುರು ಕೊಡಬೇಡಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಪುರವಣಿಯಲ್ಲಿ ಉಗುರಿನ ಅಲಂಕಾರದ ಬಗ್ಗೆ ಬಂದ ಲೇಖನ ಓದಿದೆ. ಬಣ್ಣ, ಜೆಲ್, ಅಂಟಿಸುವ ಉಗುರು ಎಲ್ಲದರ ವಿವರವೂ ಚೆನ್ನಾಗಿತ್ತು. ಆದರೆ ಉಪಕರಣಗಳ ಶುಚಿತ್ವದ ಬಗ್ಗೆ ಇದ್ದದ್ದು ‘ಸ್ಟೆರಿಲೈಸರ್ ಇರುವ ಸಲೂನ್‌ಗೇ ಹೋಗಿ’ ಎಂಬ ಒಂದೇ ಸಲಹೆ. ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವಳು ನಾನು. ಕತ್ತರಿ, ಚಿಮಟ, ಇಕ್ಕಳಗಳನ್ನು ತೊಳೆಸಿ, ಕಟ್ಟಿಸಿ, ಒತ್ತಡದ ಹಬೆಯಲ್ಲಿ ರೋಗಾಣು ಕೊಲ್ಲುವ ಆಟೋಕ್ಲೇವ್ ಯಂತ್ರಕ್ಕೆ ಹಾಕಿಸುವ ಹೊಣೆ ನಿವೃತ್ತಿಯವರೆಗೂ ನನ್ನದಾಗಿತ್ತು. ಆ ಸಲಹೆಯಿಂದ ಓದುಗರು ಮೋಸಹೋಗಬಹುದು ಎನ್ನಿಸಿದ್ದಕ್ಕೆ ಈ ಪತ್ರ.

ಸಲೂನ್‌ಗಳಲ್ಲಿ ‘ಸ್ಟೆರಿಲೈಸರ್’ ಎಂದು ತೋರಿಸುವುದು ಬಹಳ ಸಲ ನೀಲಿ ದೀಪ ಉರಿಯುವ ಸಣ್ಣ ಪೆಟ್ಟಿಗೆಯನ್ನು. ಅದು ಅತಿನೇರಳೆ ಕಿರಣದ ಪೆಟ್ಟಿಗೆ. ಕಿರಣ ನೇರವಾಗಿ ಬಿದ್ದ ಜಾಗದಲ್ಲಷ್ಟೇ ಅದರ ಕೆಲಸ. ಒಂದರ ಮೇಲೊಂದು ಪೇರಿಸಿದ ಉಪಕರಣಗಳ ಅಡಿಗೆ, ಉಗುರಿನ ಬುಡದ ಚರ್ಮ ಕತ್ತರಿಸುವ ನಿಪ್ಪರ್‌ನ ಕೀಲಿನ ಸಂದಿಗೆ, ಮೆತ್ತಿಕೊಂಡ ಕೊಳೆಯ ಕೆಳಗೆ ಅದು ತಲುಪುವುದಿಲ್ಲ. ಮೊದಲೇ ಶುದ್ಧವಾದ ಸಾಮಾನನ್ನು ಧೂಳು ಕೂರದಂತೆ ಇಡಲು ಆ ಪೆಟ್ಟಿಗೆ ಆದೀತು, ಅದಕ್ಕಿಂತ ಹೆಚ್ಚಿಗೆ ಆಗದು.

ಈಚೆಗೆ ಅಕ್ಕನ ಮಗಳ ಜೊತೆ ಒಂದು ಸಲೂನ್‌ಗೆ ಹೋಗಿದ್ದೆ. ಹಿಂದಿನವರ ಕಾಲಿಗೆ ಬಳಸಿದ ನಿಪ್ಪರನ್ನು ಅಲ್ಲಿನ ಹುಡುಗಿ ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಅದರ ಬಾಯಿ ಬಿಡಿಸದೆ ಹಾಗೇ ಪೆಟ್ಟಿಗೆಯಲ್ಲಿಟ್ಟಳು. ಟಬ್ಬಿಗೆ ನೀರು ತುಂಬುವಷ್ಟರಲ್ಲಿ ಹೊರತೆಗೆದು ‘ಸ್ಟೆರೈಲ್ ಆಯ್ತು ಆಂಟಿ’ ಅಂದಳು. ‘ಕೊಡಮ್ಮ ಒಂದ್ಸಲ’ ಎಂದು ಇಸಿದುಕೊಂಡು ಹಿಡಿಗಳನ್ನು ಅಗಲಿಸಿ ಬೆಳಕಿಗೆ ಹಿಡಿದೆ. ಎರಡು ತುಂಡು ಕೂಡುವ ಕೀಲಿನಲ್ಲಿ ಒಣಚರ್ಮದ ಬಿಳಿ ಪುಡಿ ಗಟ್ಟಿಯಾಗಿ ಕೂತಿತ್ತು. ಸ್ಪ್ರಿಂಗಿನ ಬುಡದಲ್ಲಿ ಒಂದು ಕಂದು ಕಲೆ. ರಕ್ತವೋ ತುಕ್ಕೋ ಹೇಳಲಾರೆ, ಯಾವುದಾದರೂ ಅಲ್ಲಿರಬಾರದು. ನೋಡಿ ಆ ಸಲೂನಿನ ಹುಡುಗಿಯ ಮುಖ ಸಪ್ಪಗಾಯಿತು. ನಾನು ಅವಳನ್ನು ಬೈಯಲಿಲ್ಲ. ಕಲಿಸಿದವರು ಅಷ್ಟನ್ನೇ ಕಲಿಸಿದ್ದರು, ಅವಳು ಅದನ್ನು ಚಾಚೂ ತಪ್ಪದೆ ಮಾಡುತ್ತಿದ್ದಳು.

ಅವಳಿಗೆ ಯಾರೂ ಹೇಳಿಕೊಡದಿದ್ದ ಮೊದಲ ಪಾಠ ಬ್ರಷ್ಷಿನದು. ಉಪಕರಣವನ್ನು ಪೂರ್ತಿ ಬಿಡಿಸಿ, ಸೋಪು ನೀರಿನಲ್ಲಿ ಕೀಲು, ಹಲ್ಲು, ಅಂಚುಗಳನ್ನು ಉಜ್ಜಿ ತೊಳೆದು, ಹರಿಯುವ ನೀರಿನಲ್ಲಿ ಜಾಲಿಸಿ ಒಣಗಿಸಬೇಕು. ಎಣ್ಣೆ, ಚರ್ಮ, ರಕ್ತದ ಅಂಶ ಉಳಿದಿದ್ದರೆ ಮುಂದೆ ಯಾವ ದ್ರಾವಣದಲ್ಲಿ ಅದ್ದಿದರೂ ಆ ಪದರದ ಕೆಳಗಿರುವ ರೋಗಾಣುವಿಗೆ ಅದು ತಾಗುವುದಿಲ್ಲ. ಥಿಯೇಟರಿಗೆ ಹೊಸದಾಗಿ ಬಂದ ಹುಡುಗಿಯರನ್ನು ನಾನು ಮೊದಲು ನಿಲ್ಲಿಸುತ್ತಿದ್ದದ್ದೇ ಸಿಂಕಿನ ಮುಂದೆ. ಯಂತ್ರದ ಗುಂಡಿ ಒತ್ತುವುದನ್ನು ಯಾರಾದರೂ ಕಲಿತಾರು.

ತೊಳೆದ ಮೇಲೆ ಸೋಂಕುನಿವಾರಕ ದ್ರಾವಣ. ಸ್ಪಿರಿಟ್ಟಿನಲ್ಲಿ ಒರೆಸಿಬಿಟ್ಟರೆ ಅದು ಕ್ಷಣದಲ್ಲಿ ಆರಿಹೋಗುತ್ತದೆ, ರೋಗಾಣು ಸಾಯಲು ಬೇಕಾದ ಹೊತ್ತು ಸಿಗುವುದೇ ಇಲ್ಲ. ಕೀಲು ತೆರೆದಿಟ್ಟು, ಉಪಕರಣ ಪೂರ್ತಿ ಮುಳುಗುವಂತೆ, ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಬಿಡಬೇಕು. ಸಲೂನ್‌ಗಳಿಗೆಂದೇ ಬರುವ ಹಲವು ದ್ರಾವಣಗಳಿಗೆ 10 ನಿಮಿಷ ಬೇಕು. ಅಳತೆ ನೋಡಿಯೇ ನೀರು ಬೆರೆಸಬೇಕು, ದಿನವೂ ಹೊಸದು ಮಾಡಬೇಕು, ಮಧ್ಯೆ ಕದಡಿದರೆ ಆಗಲೇ ಚೆಲ್ಲಬೇಕು. ಆಲ್ಕೋಹಾಲ್ ಆದರೆ ಶೇ 70ರದ್ದೇ ಒಳ್ಳೆಯದು. ಶೇ 90ಕ್ಕಿಂತ ಮೇಲಿನದು ಇನ್ನೂ ಬಲವಾದದ್ದು ಎಂದುಕೊಳ್ಳುವವರಿದ್ದಾರೆ, ಆದರೆ ರೋಗಾಣುವಿನ ಪ್ರೋಟೀನ್ ಕೆಡಬೇಕಾದರೆ ಜೊತೆಗೆ ಸ್ವಲ್ಪ ನೀರೂ ಬೇಕು. ಬ್ಲೀಚ್ ಉಕ್ಕನ್ನು ತಿನ್ನುತ್ತದೆ, ತಿಂದ ಗುಳಿಗಳಲ್ಲಿ ಮತ್ತೆ ಕೊಳೆ ಕೂರುತ್ತದೆ. ಅದನ್ನು ಆಸಿಡ್ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಆ ಪ್ರಯೋಗ ಯಾರೂ ಮಾಡಬಾರದು.

ಇಷ್ಟೆಲ್ಲ ಮಾಡಿದರೂ ಅದು ಸೋಂಕು ನಿವಾರಣೆ ಮಾತ್ರ, ಎಲ್ಲ ರೋಗಾಣುವನ್ನೂ ಕೊಲ್ಲುವ ಸ್ಟೆರಿಲೈಸೇಷನ್ ಅಲ್ಲ. ಕೆಲವು ಬ್ಯಾಕ್ಟೀರಿಯಾಗಳು ಗಟ್ಟಿ ಕವಚದೊಳಗೆ ಸುಪ್ತವಾಗಿರುವ ರೂಪವಾದ ಬೀಜಕಗಳು ಆಲ್ಕೋಹಾಲಿಗೂ ಜಗ್ಗುವುದಿಲ್ಲ, ಕುದಿಯುವ ನೀರಿಗೂ ಎಲ್ಲವೂ ಸಾಯುವುದಿಲ್ಲ. ನಿಪ್ಪರ್, ಉಗುರಿನ ಬುಡದ ಚರ್ಮ ಹಿಂದೆ ತಳ್ಳುವ ಪುಶರ್‌ಗಳಂತೆ ಚರ್ಮ ಹರಿದು ರಕ್ತ ಬರಿಸಬಹುದಾದ ಸಾಮಾನಿಗೆ ಆಟೋಕ್ಲೇವ್‌ನಷ್ಟು ಭರವಸೆಯದು ಇನ್ನೊಂದಿಲ್ಲ. ಅದು ಕೆಲಸ ಮಾಡುವ ರೀತಿ ಅಡುಗೆಮನೆಯ ಕುಕ್ಕರಿನದೇ: ಒತ್ತಡದಲ್ಲಿ ಹಬೆ 100 ಡಿಗ್ರಿ ದಾಟಿ 121 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಅಲ್ಲೇ ನಿಗದಿತ ಹೊತ್ತು ನಿಲ್ಲುತ್ತದೆ. ಪೊಟ್ಟಣದಲ್ಲಿ ಹಾಕಿದ ಸಾಮಾನಿಗೆ ಸಾಧಾರಣ ಯಂತ್ರದಲ್ಲಿ 30 ನಿಮಿಷ ಕೊಡುತ್ತಾರೆ. ಒಣ ಶಾಖದ ಓವನ್ ಕೂಡ ಆದೀತು, ಆದರೆ ಅದಕ್ಕೆ 160 ಡಿಗ್ರಿಯಲ್ಲಿ ಎರಡು ಗಂಟೆ ಬೇಕು. ಬಿಸಿ ಗಾಜಿನ ಮಣಿಗಳಿರುವ ಡಬ್ಬಿಯಲ್ಲಿ ಚುಚ್ಚಿ ತೆಗೆಯುವ ಪದ್ಧತಿಯೊಂದಿದೆ. ಅದರಲ್ಲಿ ಬಿಸಿಯಾಗುವುದು ತುದಿಯಷ್ಟೇ, ಕೀಲು ಹಾಗೇ ಉಳಿಯುತ್ತದೆ.

ನಾನು ಒತ್ತಿ ಹೇಳಬೇಕಾದ ಮಾತು ಇಲ್ಲಿದೆ. ಉಜ್ಜಿ ತೊಳೆಯುವುದು, ಒಣಗಿಸುವುದು, ಪೊಟ್ಟಣ ಕಟ್ಟುವುದು, ಯಂತ್ರ ಬಿಸಿಯೇರುವುದು, ಆ ಬಿಸಿಯಲ್ಲೇ ಹಿಡಿದಿಡುವುದು, ಮತ್ತೆ ಆರುವುದು, ಎಲ್ಲ ಸೇರಿ ಗಂಟೆ ದಾಟುತ್ತದೆ. ಒಬ್ಬರು ಎದ್ದ ಕುರ್ಚಿಯಲ್ಲಿ ಇನ್ನೊಬ್ಬರು ಕೂರುವ ಸಲೂನಿನಲ್ಲಿ ಒಂದೇ ಸೆಟ್ ಉಪಕರಣ ಇದ್ದರೆ ಈ ಕೆಲಸ ನಡೆದಿರಲು ಸಾಧ್ಯವೇ ಇಲ್ಲ. ಎಷ್ಟು ದುಬಾರಿ ಯಂತ್ರ ತಂದಿಟ್ಟರೂ ಅಷ್ಟೇ. ಹಾಗಾಗಿ ಮಾಲೀಕರು ಮೊದಲು ಕೊಳ್ಳಬೇಕಾದದ್ದು ಸಾಕಷ್ಟು ಸೆಟ್‌ಗಳನ್ನು. ಗ್ರಾಹಕರು ಕೇಳಬೇಕಾದದ್ದೂ ಅದನ್ನೇ: ‘ನನಗೆ ಬಳಸುವ ಸೆಟ್ಟಿನ ಪೊಟ್ಟಣ ನನ್ನ ಮುಂದೆ ಹರಿಯುತ್ತೀರಾ?’ ಪೊಟ್ಟಣದ ಮೇಲಿನ ಗುರುತು ಬಣ್ಣ ಬದಲಾಯಿಸಿರಬೇಕು. ಆ ಬಣ್ಣ ಪೊಟ್ಟಣ ಬಿಸಿ ಕಂಡಿದೆ ಎಂದಷ್ಟೇ ಹೇಳುತ್ತದೆ. ಯಂತ್ರ ನಿಜಕ್ಕೂ ಕೊಲ್ಲುತ್ತಿದೆಯೇ ಎಂದು ತಿಳಿಯಲು ಬೀಜಕಗಳ ಸ್ಟ್ರಿಪ್ ಒಳಗಿಟ್ಟು ಆಗಾಗ ಪರೀಕ್ಷೆ ಮಾಡಿಸಬೇಕು.

ಇಷ್ಟು ಕಟ್ಟುನಿಟ್ಟು ಯಾಕೆ ಎಂದು ಕೇಳುವವರಿಗೆ ಹೇಳುತ್ತೇನೆ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದ ಕಲೆಯಲ್ಲಿ ಕನಿಷ್ಠ 7 ದಿನ ಬದುಕಿರುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಕಾಲುಗುರಿಗೆ ಫಂಗಸ್ ಹತ್ತಿದರೆ ಹೊಸ ಉಗುರು ಪೂರ್ತಿ ಬೆಳೆದು ಬರಲು 12ರಿಂದ 18 ತಿಂಗಳು ಹಿಡಿಯುತ್ತದೆ. ಉಗುರುಸುತ್ತು ಆದವರ ರಾತ್ರಿಯ ನೋವು ಅವರಿಗೇ ಗೊತ್ತು. 2000ದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ ಒಂದೇ ಸಲೂನಿನ ನೂರಕ್ಕೂ ಹೆಚ್ಚು ಗ್ರಾಹಕರ ಕಾಲಿನಲ್ಲಿ ತಿಂಗಳುಗಟ್ಟಲೆ ಮಾಯದ ಕುರುಗಳೆದ್ದವು. ಕಾರಣ ಹುಡುಕಿದಾಗ ಸಿಕ್ಕಿದ್ದು ಕಾಲು ನೆನೆಸುವ ಪೆಡಿಕ್ಯೂರ್ ಟಬ್ಬು. ನೀರು ಸುತ್ತಿಸುವ ಟಬ್ಬಿನ ಜಾಲರಿಯ ಹಿಂದೆ ಕೂದಲು, ಚರ್ಮದ ಚೂರು ಸೇರಿಕೊಂಡು ಮೈಕೋಬ್ಯಾಕ್ಟೀರಿಯಂ ಫಾರ್ಚುಯಿಟಮ್ ಎಂಬ ಬ್ಯಾಕ್ಟೀರಿಯಾ ಅಲ್ಲಿ ಮನೆಮಾಡಿತ್ತು. ಮೊದಲೇ ಕಾಲು ಶೇವ್ ಮಾಡಿಕೊಂಡು ಬಂದವರಿಗೆ ಅಪಾಯ ಹೆಚ್ಚಾಗಿತ್ತು. ಟಬ್ಬಿನ ಜಾಲರಿ ಬಿಚ್ಚಿ ತೊಳೆಯುವ ಅಭ್ಯಾಸ ಇಲ್ಲದ ಕಡೆ ಕಾಲಿಡದಿರುವುದೇ ಲೇಸು. ಬಕೆಟ್ಟೋ ಬೇಸಿನ್ನೋ ಆದರೆ ತೊಳೆಯುವುದು ಎಷ್ಟೋ ಸುಲಭ.

ಉಗುರು ಉಜ್ಜುವ ಮರಳುಕಾಗದದ ಫೈಲ್, ಹೊಳಪು ಕೊಡುವ ಬಫರ್, ಕಿತ್ತಳೆ ಮರದ ಕಡ್ಡಿ, ಬೆರಳು ಬಿಡಿಸುವ ಸ್ಪಂಜು ಇವುಗಳಿಗೆ ಮೇಲಿನ ಯಾವುದೂ ಅನ್ವಯಿಸದು. ರಂಧ್ರವಿರುವ ವಸ್ತು, ಒಳಗೆ ಹೀರಿಕೊಂಡದ್ದು ಹೊರಬರುವುದಿಲ್ಲ. ಒಬ್ಬರಿಗೆ ಬಳಸಿ ಎಸೆಯಬೇಕು ಅಥವಾ ಅವರ ಕೈಗೇ ಕೊಟ್ಟುಬಿಡಬೇಕು. ಇನ್ನು ಉಗುರಿನ ಬುಡದ ತೆಳು ಚರ್ಮವಾದ ಕ್ಯುಟಿಕಲ್ ಕತ್ತರಿಸುವ ಹಟವನ್ನು ಗ್ರಾಹಕರೇ ಬಿಡಲಿ. ಒಳಗೆ ರೋಗಾಣು ನುಗ್ಗದಂತೆ ದೇಹವೇ ಹಾಕಿಕೊಂಡ ಮುದ್ರೆ ಅದು. ಮೆತ್ತಗೆ ಹಿಂದೆ ತಳ್ಳಿದರೆ ಸಾಕು.

ಬ್ಯೂಟಿಷಿಯನ್ ತರಬೇತಿ ಕೊಡುವವರಲ್ಲಿ ನನ್ನ ಕೋರಿಕೆ: ಬಣ್ಣ ಹಚ್ಚುವ ಪರೀಕ್ಷೆಗೆ ಮೊದಲು ಒಂದು ನಿಪ್ಪರನ್ನು ತೊಳೆದು ತೋರಿಸುವ ಪರೀಕ್ಷೆ ಇಡಿ, ಅದರಲ್ಲಿ ಪಾಸಾಗದವರಿಗೆ ಪ್ರಮಾಣಪತ್ರ ಕೊಡಬೇಡಿ. ದಿನವಿಡೀ ಇನ್ನೊಬ್ಬರ ಕೈಕಾಲು ಹಿಡಿದು ಕೂರುವ ಆ ಹುಡುಗಿಯರಿಗೂ ರೋಗ ತಗಲುವ ಅಪಾಯ ಇದೆ. ಪ್ರತಿ ಗ್ರಾಹಕರಿಗೂ ಹೊಸ ಕೈಗವಸು, ಕೆಲಸಕ್ಕೆ ಸೇರುವಾಗಲೇ ಹೆಪಟೈಟಿಸ್ ಬಿ ಲಸಿಕೆಯ ಎಲ್ಲ ಡೋಸ್‌ಗಳು, ಇವೆರಡನ್ನೂ ಮಾಲೀಕರು ತಮ್ಮ ಖರ್ಚಿನಲ್ಲೇ ಕೊಡಿಸಲಿ.

ಇತಿ,
ನಿವೃತ್ತ ಶುಶ್ರೂಷಕಿ, ತಮ್ಮ ಪತ್ರಿಕೆಯ ಓದುಗಾರ್ತಿ