ಎಂಟು ಮನಸ್ಸಿನಲ್ಲಿ, ಐದು ಕೈಯಲ್ಲಿ: ಗದಗ ಕ್ಷೇತ್ರದ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮ್ಮ ಓಣಿಯ ಒಬ್ಬ ಹುಡುಗಿ, ಎರಡನೇ ತರಗತಿಯವಳು, ಸಂಜೆ ಪುಸ್ತಕ ಹಿಡಿದು ನಮ್ಮ ಮನೆಯ ಕಟ್ಟೆಗೆ ಬರುತ್ತಾಳೆ. ಒಂದು ದಿನ ಅವಳಿಗೆ ಎಂಟಕ್ಕೆ ಐದು ಕೂಡಿಸಲು ಹೇಳಿದೆ. ಕೂಡಲೇ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಕೆಳಗೆ ನೋಡಿದರೆ ಬಲಗಾಲಿನ ಹೆಬ್ಬೆರಳು ಕಟ್ಟೆಯ ಕಲ್ಲನ್ನು ಒತ್ತಿ ಒತ್ತಿ ಬಿಡುತ್ತಿತ್ತು. ಐದು ಸಲ. ಆಮೇಲೆ "ಹದಿಮೂರು" ಎಂದಳು. ಕೈ ಏಕೆ ಹಿಂದೆ ಹೋಯಿತು ಎಂದು ಕೇಳಿದಾಗ ಶಾಲೆಯ ಡೈರಿ ತೆಗೆದು ತೋರಿಸಿದಳು. ಪಾಲಕರಿಗೆ ಬರೆದ ಒಂದೇ ಸಾಲು: ಬೆರಳು ಎಣಿಸುವ ಚಟ ಬಿಡಿಸಿ.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. 31 ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕಲಿಸಿದ ನಾನೂ ಅದೇ ಮಾತನ್ನು ಎಷ್ಟೋ ಮಕ್ಕಳಿಗೆ ಹೇಳಿದ್ದೇನೆ. ಒಂದನೇ ತರಗತಿಯಲ್ಲಿ "ಎಂಟು ಮನಸ್ಸಿನಲ್ಲಿ, ಐದು ಕೈಯಲ್ಲಿ" ಎಂದು ನಾವೇ ಹೇಳಿಕೊಡುತ್ತೇವೆ. ಎರಡನೇ ತರಗತಿಗೆ ಬಂದೊಡನೆ ಕೈಯನ್ನು ಕಿತ್ತುಕೊಂಡು, ಮನಸ್ಸೊಂದರಿಂದಲೇ ಬಾಯಿಲೆಕ್ಕ ಮಾಡು ಎನ್ನುತ್ತೇವೆ. ನಿವೃತ್ತಿಯ ನಂತರ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದಷ್ಟೂ, ನಾವು ಮಕ್ಕಳಿಂದ ಏನನ್ನು ಕಿತ್ತುಕೊಳ್ಳುತ್ತಿದ್ದೇವೆ ಎಂಬುದು ತಿಳಿಯುತ್ತಾ ಹೋಯಿತು. ಅದಕ್ಕೇ ಈ ಪತ್ರ. ಕೇಳಬೇಕಾದದ್ದು ದೊಡ್ಡದೇನಲ್ಲ: ಕ್ಷೇತ್ರದ ಪ್ರತಿ ಸರ್ಕಾರಿ ಶಾಲೆ ಮತ್ತು ಅಂಗನವಾಡಿಯ ಅಂಗಳದಲ್ಲಿ ಮಕ್ಕಳು ನಡೆದು ಎಣಿಸಲು ಒಂದು ಸಂಖ್ಯೆಯ ಹಾದಿ ಬೇಕು.

ನಾನು ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿದವಳು. ಅಪ್ಪ ಕುಣಿಮಗ್ಗದಲ್ಲಿ ಕುಳಿತು ಸೀರೆ ನೇಯುತ್ತಿದ್ದರು, ಅವ್ವ ಪಕ್ಕದಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಅಪ್ಪನಿಗೆ ಓದು ನಾಲ್ಕನೇ ತರಗತಿಗೆ ನಿಂತಿತ್ತು. ಆದರೆ ಹಾಸಿನ ಎಳೆಗಳ ಮೇಲೆ ಎಡದಿಂದ ಬಲಕ್ಕೆ ಅಂಗೈ ಆಡಿಸಿದರೆ ಎಲ್ಲಿ ಎಳೆ ಕಡಿಮೆಯಾಗಿದೆ ಎಂದು ಹೇಳುತ್ತಿದ್ದರು. ಎಷ್ಟು ನೇಯ್ದಾಯಿತು ಎಂದು ಕೇಳಿದರೆ ಮೊಳದಲ್ಲಿ ಉತ್ತರ ಬರುತ್ತಿತ್ತು. ಗೇಣು, ಮೊಳ, ಮಾರು ಎಲ್ಲವೂ ಮೈಯಿಂದ ಹುಟ್ಟಿದ ಅಳತೆಗಳು. ನಮ್ಮ ಹಿರಿಯರು ಹೊತ್ತನ್ನೂ ಅದರಲ್ಲೇ ಅಳೆದರು: ಹೊತ್ತು ಮಾರುದ್ದ ಏರಿತು ಎನ್ನುವಾಗ ಚಾಚಿದ ಎರಡು ತೋಳುಗಳು ಆಕಾಶಕ್ಕೆ ಹೋಗುತ್ತವೆ.

ಎಣಿಕೆಗೂ ಮೈಗೂ ಇರುವ ಈ ನಂಟನ್ನೇ ವಿಜ್ಞಾನಿಗಳು ಬೇರೆ ದಾರಿಯಿಂದ ಹೋಗಿ ಕಂಡಿದ್ದಾರೆ. 1993ರಲ್ಲಿ ಫ್ರಾನ್ಸಿನ ಸ್ಟಾನಿಸ್ಲಾಸ್ ದೆಹಾನ್ ಮತ್ತು ಅವರ ಸಂಗಡಿಗರು ಜನರಿಗೆ ಒಂದೊಂದೇ ಅಂಕಿ ತೋರಿಸಿ, ಸಮವೋ ಬೆಸವೋ ಎಂಬುದನ್ನು ಎಡ ಅಥವಾ ಬಲಗೈಯ ಗುಂಡಿ ಒತ್ತಿ ತಿಳಿಸಲು ಹೇಳಿದರು. ಸಣ್ಣ ಅಂಕಿಗಳಿಗೆ ಎಡಗೈ ಬೇಗ ಉತ್ತರಿಸಿತು, ದೊಡ್ಡವಕ್ಕೆ ಬಲಗೈ. ಅಂಕಿ ದೊಡ್ಡದೋ ಚಿಕ್ಕದೋ ಎಂದು ಯಾರೂ ಕೇಳಿರಲಿಲ್ಲ, ಆದರೂ ಮನಸ್ಸು ಅಂಕಿಗಳನ್ನು ಒಂದು ಗೆರೆಯ ಮೇಲೆ ಸಾಲಾಗಿ ನಿಲ್ಲಿಸಿತ್ತು. ಬಲದಿಂದ ಎಡಕ್ಕೆ ಓದಿ ಬೆಳೆದವರಲ್ಲಿ ಈ ಗೆರೆ ದುರ್ಬಲವಾಗಿರುವುದು, ಕೆಲವರಲ್ಲಿ ತಿರುಗಿಯೇ ಇರುವುದು ಆ ಅಧ್ಯಯನದಲ್ಲೂ ನಂತರದ ಅಧ್ಯಯನಗಳಲ್ಲೂ ಕಂಡಿತು. ಅಂದರೆ ಅದರ ದಿಕ್ಕನ್ನು ಬಹುಮಟ್ಟಿಗೆ ತಿದ್ದುವುದು ನಮ್ಮ ಓದು, ಬರಹ, ಎಣಿಕೆಯ ರೂಢಿ.

ಕಣ್ಣಿನ ಕಥೆ ಇನ್ನೂ ಸೋಜಿಗದ್ದು. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 12 ಜನರಿಗೆ ಮನಸ್ಸಿಗೆ ಬಂದ ಸಂಖ್ಯೆಗಳನ್ನು ಒಂದರ ನಂತರ ಒಂದು ಹೇಳಲು ತಿಳಿಸಿ, ಅವರ ಕಣ್ಣುಗಳನ್ನು ಗಮನಿಸಿದರು. ಬಾಯಿ ತೆರೆಯುವ ಮೊದಲೇ ಕಣ್ಣು ಎಡಕ್ಕೂ ಕೆಳಕ್ಕೂ ಸರಿದರೆ ಮುಂದಿನ ಸಂಖ್ಯೆ ಚಿಕ್ಕದು, ಬಲಕ್ಕೂ ಮೇಲಕ್ಕೂ ಸರಿದರೆ ದೊಡ್ಡದು. ಅದಕ್ಕೆ ಒಂದು ವರ್ಷ ಮೊದಲು ಇನ್ನೊಂದು ತಂಡ, ಕಣ್ಣನ್ನು ಎಡಬಲಕ್ಕೆ ಹೊರಳಿಸುವಾಗ ದುಡಿಯುವ ಮಿದುಳಿನ ಭಾಗವೇ ಕೂಡುವ ಕಳೆಯುವ ಲೆಕ್ಕದಲ್ಲೂ ದುಡಿಯುತ್ತದೆ ಎಂದು ತೋರಿಸಿತ್ತು. ಕೂಡುವಾಗಿನ ಚಟುವಟಿಕೆ ಕಣ್ಣು ಬಲಕ್ಕೆ ಹೊರಳಿದಾಗಿನ ಚಟುವಟಿಕೆಯನ್ನು ಹೋಲುತ್ತಿತ್ತು. ಲೆಕ್ಕ ಮಾಡುವ ಮಗು ಗೋಡೆಯ ಮೂಲೆ ನೋಡಿದರೆ "ಇಲ್ಲಿ ನೋಡು" ಎಂದು ಗದರಿಸುವ ಎಲ್ಲರಿಗೂ ಇದು ತಿಳಿಯಬೇಕು ಎಂದು ನನ್ನ ಆಸೆ.

ಈ ವಿಷಯದ ಎಲ್ಲ ಪ್ರಯೋಗಗಳೂ ಗಟ್ಟಿಯಾಗಿ ನಿಂತಿಲ್ಲ. ಅಂಕಿಯನ್ನು ಸುಮ್ಮನೆ ನೋಡಿದರೂ ಗಮನ ಎಡಬಲಕ್ಕೆ ಸರಿಯುತ್ತದೆ ಎಂಬ 2003ರ ಹೆಸರುವಾಸಿ ಫಲಿತಾಂಶವನ್ನು 17 ಪ್ರಯೋಗಾಲಯಗಳು ಒಟ್ಟಾಗಿ ಮತ್ತೆ ಪರೀಕ್ಷಿಸಿದಾಗ ಅದು ಸಿಗಲಿಲ್ಲ. ಅದು 2020ರಲ್ಲಿ ಪ್ರಕಟವಾಯಿತು. ನಾಳೆ ಯಾರಾದರೂ ಇದನ್ನು ನಿಮ್ಮ ಮುಂದಿಟ್ಟು ನನ್ನ ಕೋರಿಕೆಯನ್ನು ತಳ್ಳಿಹಾಕಬಾರದು ಎಂದು ನಾನೇ ಮೊದಲು ಹೇಳುತ್ತಿದ್ದೇನೆ. ನನ್ನ ಕೋರಿಕೆ ನಿಂತಿರುವುದು ಬೇರೆ ನೆಲದ ಮೇಲೆ, ಮಕ್ಕಳ ನಿಜವಾದ ಕಲಿಕೆಯ ಮೇಲೆ.

2008ರಲ್ಲಿ ಅಮೆರಿಕದ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಬಡ ಕುಟುಂಬಗಳ ಪುಟ್ಟ ಮಕ್ಕಳಿಗೆ ಒಂದು ಆಟ ಕೊಟ್ಟರು. ಒಂದರಿಂದ ಹತ್ತರವರೆಗೆ ಸಮ ಅಂತರದ ಮನೆಗಳ ನೇರ ಸಾಲು, ಒಂದು ಕಾಯಿ, ಪ್ರತಿ ಮನೆಗೂ ಸಂಖ್ಯೆ ಹೇಳುತ್ತ ಮುಂದೆ ನಡೆಸುವುದು, ಅಷ್ಟೇ. ಎರಡು ವಾರಗಳಲ್ಲಿ ನಾಲ್ಕು ಸಲ ಆಡಿದ ಮಕ್ಕಳು ಯಾವುದು ದೊಡ್ಡದು, ಯಾವುದು ಎಲ್ಲಿ ಬರುತ್ತದೆ ಎಂಬುದರಲ್ಲಿ ಎದ್ದು ಕಾಣುವಷ್ಟು ಮುಂದೆ ಬಂದರು. ಒಂಬತ್ತು ವಾರಗಳ ನಂತರವೂ ಆ ಕಲಿಕೆ ಉಳಿದಿತ್ತು. ಅಂಕಿಯ ಬದಲು ಬಣ್ಣಗಳಿದ್ದ ಅದೇ ಆಟ ಆಡಿದವರಿಗೆ ಆ ಲಾಭ ಸಿಗಲಿಲ್ಲ. ಮುಂದಿನ ವರ್ಷ ಮನೆಗಳನ್ನು ದುಂಡಗೆ ಜೋಡಿಸಿ ನೋಡಿದರು. ನೇರ ಸಾಲೇ ಗೆದ್ದಿತು. ಚೌಕಾಬಾರ ಆಡಿ ಬೆಳೆದ ನನಗೆ ಇದು ಒಂದು ಕ್ಷಣ ಬೇಸರ ತಂದರೂ ಕಾರಣ ಸ್ಪಷ್ಟವಿದೆ: ಸುತ್ತುವ ಹಾದಿಯಲ್ಲಿ ದೊಡ್ಡ ಸಂಖ್ಯೆ ದೂರ ಹೋಗುವುದು ಕಾಲಿಗೂ ಕಣ್ಣಿಗೂ ತಿಳಿಯುವುದಿಲ್ಲ.

ಬೆರಳಿನ ವಿಷಯಕ್ಕೂ ಸಾಕ್ಷಿ ಇದೆ. ಸ್ವಿಟ್ಜರ್ಲೆಂಡಿನ ಲೊಸಾನ್ ವಿಶ್ವವಿದ್ಯಾಲಯದ ಕ್ಯಾಥರೀನ್ ತೆವನೋ ಅವರ ತಂಡ 2024ರಲ್ಲಿ ಐದಾರು ವರ್ಷದ ಮಕ್ಕಳ ಬಗ್ಗೆ ವರದಿ ಮಾಡಿತು. ಅದುವರೆಗೆ ಬೆರಳು ಬಳಸದೆ ಇದ್ದ ಮಕ್ಕಳಿಗೆ ಬೆರಳೆಣಿಕೆ ಕಲಿಸಿದಾಗ, ಕೂಡುವ ಲೆಕ್ಕದಲ್ಲಿ ಅವರ ಸರಿ ಉತ್ತರಗಳು ಶೇಕಡಾ 37ರಿಂದ 77ಕ್ಕೆ ಏರಿದವು. ನಾವು ಡೈರಿಯಲ್ಲಿ ಚಟ ಎಂದು ಬರೆಯುವುದನ್ನು ಅವರು ಪಾಠವಾಗಿ ಹೇಳಿಕೊಟ್ಟರು.

ನಮ್ಮ ಊರಿಗೆ ಇದನ್ನು ಕಲಿಯಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ವೀರೇಶ್ವರ ಪುಣ್ಯಾಶ್ರಮ ನಮ್ಮಲ್ಲೇ ಇದೆ. ಪಂಚಾಕ್ಷರ ಗವಾಯಿಗಳು, ಅವರ ನಂತರ 2010ರವರೆಗೆ ಪುಟ್ಟರಾಜ ಗವಾಯಿಗಳು ಕಣ್ಣು ಕಾಣದ ಎಷ್ಟೋ ಮಕ್ಕಳಿಗೆ ಅನ್ನ ಕೊಟ್ಟು ಸಂಗೀತ ಕಲಿಸಿದ ನೆಲ ಇದು. ತೀನ್ ತಾಳ ಕಲಿಯುವ ಹುಡುಗನ ಕೈಯನ್ನು ನೋಡಿ. ಹದಿನಾರು ಮಾತ್ರೆ, ಅಂದರೆ ತಾಳದ ಹದಿನಾರು ಎಣಿಕೆ. ಒಂದು, ಐದು ಮತ್ತು ಹದಿಮೂರಕ್ಕೆ ಚಪ್ಪಾಳೆ, ಒಂಬತ್ತಕ್ಕೆ ಖಾಲಿ, ಕೈ ಗಾಳಿಯಲ್ಲಿ ಆಚೆ ಹೋಗುತ್ತದೆ. ಬೇಕೆಂದರೆ ಹೆಬ್ಬೆರಳಿನಿಂದ ಉಳಿದ ನಾಲ್ಕು ಬೆರಳುಗಳ ಮೂರು ಗೆರೆ, ಒಂದು ತುದಿ ಮುಟ್ಟುತ್ತ ಹೋದರೆ ನಾಲ್ಕು ನಾಲ್ಕಲೆ ಹದಿನಾರು ಅಲ್ಲಿಯೇ ಮುಗಿಯುತ್ತದೆ. ಕಾಲ, ಸಂಖ್ಯೆ, ಮೈ ಮೂರೂ ಒಂದೇ ಅಂಗೈಯಲ್ಲಿ. ಆ ಕೈಯನ್ನು ಬೆನ್ನ ಹಿಂದೆ ಕಟ್ಟು ಎಂದು ಯಾವ ಗುರುವೂ ಹೇಳಲಾರ. ಹುಟ್ಟಿನಿಂದ ಅಥವಾ ಎಳವೆಯಿಂದ ಕುರುಡರಾದವರಲ್ಲೂ ಸಣ್ಣ ಅಂಕಿ ಎಡಕ್ಕೆ, ದೊಡ್ಡದು ಬಲಕ್ಕೆ ಎಂಬ ಒಲವು ಇದೆ. ಆದರೆ ಕೈಗಳನ್ನು ಅಡ್ಡ ಹಾಯಿಸಿದಾಗ ಅವರ ಗೆರೆ ಕೈಯ ಜೊತೆಗೆ ತಿರುಗುತ್ತದೆ, ಕಣ್ಣು ಕಾಣುವವರದು ಹೊರಗಿನ ಜಾಗಕ್ಕೇ ಅಂಟಿಕೊಂಡಿರುತ್ತದೆ ಎಂದು 2013ರ ಒಂದು ಅಧ್ಯಯನ ಹೇಳುತ್ತದೆ. ಆದ್ದರಿಂದ ನಾನು ಕೇಳುವ ಹಾದಿಯ ಅಂಚು ಮತ್ತು ಅಂಕಿಗಳು ಮುಟ್ಟಿದರೆ ತಿಳಿಯುವಷ್ಟು ಉಬ್ಬಿರಬೇಕು. ಗದಗಿನಲ್ಲಿ ಮಾಡುವ ಕೆಲಸದಲ್ಲಿ ಆ ಮಕ್ಕಳನ್ನು ಮರೆಯುವುದು ಸಲ್ಲದು.

ಕಾಲದ ಮಾತು ಬಂದಿದ್ದರಿಂದ ಇನ್ನೊಂದು ಸಂಗತಿ. ಚಿಕ್ಕ ಮಕ್ಕಳು ನಿನ್ನೆಯನ್ನು ನಾಳೆ ಎನ್ನುತ್ತಾರೆ, ನಾವು ನಗುತ್ತೇವೆ. ಆದರೆ ನಮ್ಮ ಮಾತು ಅವರಿಗೆ ಎಷ್ಟು ಕಠಿಣ ಎಂದು ಯೋಚಿಸಿ. "ಮುಂದಿನ ವಾರ" ಇನ್ನೂ ಬರಬೇಕಾದದ್ದು. "ಊಟಕ್ಕೆ ಮುಂಚೆ" ಎಂದರೆ ಆಗಲೇ ಆಗಿಹೋಗಬೇಕಾದದ್ದು. ಎರಡರಲ್ಲೂ ಕೇಳಿಸುವುದು ಅದೇ 'ಮುಂ'. ಆಂಡಿಸ್ ಬೆಟ್ಟಗಳ ಐಮಾರಾ ಜನರಿಗೆ ಕಂಡದ್ದು, ಕಳೆದದ್ದು ಕಣ್ಣ ಮುಂದೆ, ಕಾಣದ ನಾಳೆ ಬೆನ್ನ ಹಿಂದೆ. ಅವರ ಕೈಸನ್ನೆಗಳೂ ಹಾಗೆಯೇ ಓಡುತ್ತವೆ. ಅಪ್ಪನ ಮಗ್ಗದಲ್ಲಿ ನೇಯ್ದದ್ದು ಹೊಟ್ಟೆಯ ಹತ್ತಿರ ಸುತ್ತಿಕೊಳ್ಳುತ್ತಿತ್ತು, ನೇಯಬೇಕಾದ ಹಾಸು ಮುಂದೆ ಚಾಚಿಕೊಂಡಿರುತ್ತಿತ್ತು. ನಿನ್ನೆ ನಾಳೆ ಎಂಬುದು ನನಗೆ ತಿಳಿದದ್ದು ಅಲ್ಲಿಯೇ ಇರಬೇಕು. ಸೋಮವಾರದಿಂದ ಭಾನುವಾರದವರೆಗೆ ಏಳು ಮನೆಗಳನ್ನು ನೆಲದ ಮೇಲೆ ಬರೆದು, ಇವತ್ತಿನ ಮನೆಯಲ್ಲಿ ಮಗುವನ್ನು ನಿಲ್ಲಿಸಿ, ಒಂದು ಹೆಜ್ಜೆ ಹಿಂದೆ ಇಡಿಸಿ, ಒಂದು ಹೆಜ್ಜೆ ಮುಂದೆ ಇಡಿಸಿ ನೋಡಿ. ನನ್ನ ಕೊನೆಯ ವರ್ಷಗಳಲ್ಲಿ ಸುಣ್ಣದಿಂದ ಗೆರೆ ಎಳೆದು ಮಾಡಿಸುತ್ತಿದ್ದೆ. ಮಳೆ ಬಂದರೆ ಹೋಗುತ್ತಿತ್ತು, ಮತ್ತೆ ಎಳೆಯುತ್ತಿದ್ದೆ.

ನಮ್ಮ ಶಾಲೆಗಳ ಗೋಡೆಗಳಿಗೆ ಬಣ್ಣ ಬರುತ್ತಿದೆ, ಅದಕ್ಕೆ ಸಂತೋಷವಿದೆ. ಆದರೆ ನಾನು ಕಂಡ ಹಲವು ಕೊಠಡಿಗಳಲ್ಲಿ ಅಂಕಿಗಳು ಕಿಟಕಿಯ ಮೇಲೆ, ದೊಡ್ಡವರ ಕೈಗೂ ಎಟುಕದ ಎತ್ತರದಲ್ಲಿವೆ. ಅಂಗಳಕ್ಕೆ ಸಿಮೆಂಟ್ ಇಟ್ಟಿಗೆ ಹಾಸುತ್ತಾರೆ, ಒಂದು ಗೆರೆಯೂ ಇರುವುದಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ನಿಪುಣ್ ಭಾರತ್ ಯೋಜನೆ, ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಮೂಲ ಲೆಕ್ಕ ಬರಬೇಕು ಎನ್ನುತ್ತದೆ. ಅದಕ್ಕಾಗಿ ಪರದೆಗಳನ್ನೂ ಕಿಟ್‌ಗಳನ್ನೂ ಕೊಳ್ಳುವ ಮೊದಲು ಅಂಗಳದತ್ತ ನೋಡಿ.

ನಿಮ್ಮ ಕ್ಷೇತ್ರಾಭಿವೃದ್ಧಿ ನಿಧಿಯಿಂದ ಯಾವುದೇ ಶಾಲೆಯ ಅಂಗಳದ ಕಾಮಗಾರಿಗೆ ಒಪ್ಪಿಗೆ ಕೊಡುವಾಗ ಅಂದಾಜು ಪಟ್ಟಿಯಲ್ಲಿ ಇದನ್ನೂ ಸೇರಿಸಲು ಹೇಳಿ: ಸೊನ್ನೆಯಿಂದ ಇಪ್ಪತ್ತರವರೆಗೆ, ಜಾಗವಿದ್ದಲ್ಲಿ ನೂರರವರೆಗೆ, ಎಡದಿಂದ ಬಲಕ್ಕೆ ನೇರವಾದ ಹಾದಿ, ಪ್ರತಿ ಮನೆ ಒಂದು ಅಡಿ, ಹತ್ತಕ್ಕೊಮ್ಮೆ ಬೇರೆ ಬಣ್ಣ. ಪಕ್ಕದಲ್ಲಿ ವಾರದ ಏಳು ಮನೆಗಳು. ಮನೆಗಳ ಅಳತೆ ಮಾತ್ರ ಹೆಚ್ಚುಕಡಿಮೆ ಆಗಬಾರದು, ಇಡೀ ಗುಟ್ಟು ಸಮ ಅಂತರದಲ್ಲಿದೆ. ಜೊತೆಗೆ, ಒಂದರಿಂದ ಮೂರನೇ ತರಗತಿಯವರೆಗೆ ಬೆರಳು ಎಣಿಸಿದ್ದಕ್ಕೆ ಯಾವ ಮಗುವನ್ನೂ ಗದರಿಸಬಾರದು ಎಂದು, ಖಾಸಗಿ ಶಾಲೆಗಳೂ ಸೇರಿದಂತೆ, ತಿಳಿವಳಿಕೆ ಪತ್ರ ಕಳುಹಿಸುವಂತೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ನೀವು ಬರೆಯಬೇಕು.

ಮೊದಲ ಹಾದಿಯನ್ನು ಬೆಟಗೇರಿಯಲ್ಲಿ ಮಾಡುವುದಾದರೆ ಹಣಕ್ಕಾಗಿ ಕಾಯಬೇಕಾಗಿಲ್ಲ. ಬಣ್ಣ, ದಾರ, ಅಡಿಪಟ್ಟಿ ನಾವು ಓಣಿಯವರು ತರುತ್ತೇವೆ. ನಿಮ್ಮ ಅನುಮತಿಯ ಪತ್ರ ಸಾಕು. ಹಾದಿ ಒಣಗಿದ ಮೇಲೆ ನೀವೂ ಬನ್ನಿ. ಎಂಟರ ಮನೆಯಲ್ಲಿ ಆ ಹುಡುಗಿ ನಿಂತಿರುತ್ತಾಳೆ, ಅಲ್ಲಿಂದ ಐದು ಹೆಜ್ಜೆ ಅವಳ ಜೊತೆ ನಡೆಯಿರಿ.

ಗೌರವಗಳೊಂದಿಗೆ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ಬೆಟಗೇರಿ